ಅಲಿಯಬ್ಬರ ಕೋಚ್‌ಗಿರಿ

ಅರಬ್ ನಾಡಿನ ನಮ್ಮ ಜುಬೈಲ್ ಕ್ಯಾಂಪಿನ ಫುಟ್‌ಬಾಲ್ ತಂಡ ಸೋಲುವುದರಲ್ಲಿ ಬಹಳ ಶಿಸ್ತು ಇಟ್ಟುಕೊಂಡಿತ್ತು. ಶುಕ್ರವಾರ ಇಳಿಹೊತ್ತಿನ ಅಸರ್ ನಮಾಜು ಮುಗಿದ ಮೇಲೆ ಆಟ ಶುರುವಾದರೆ, ಹೊತ್ತು ಮುಳುಗಿ ಮಗ್ರಿಬ್ ಬಾಂಗ್ ಕೊಡುವುದರೊಳಗೆ ಸೋತು, ಕೈಕಾಲು ತೊಳೆದು, ಮೆಸ್ಸಿನ ಬಿರಿಯಾನಿಗೆ ಸಾಲು ನಿಂತಾಗಿರುತ್ತಿತ್ತು. ಸಾವಿರದ ಒಂಬೈನೂರ ಎಂಬತ್ತೈದರ ಆ ಚಳಿಗಾಲದಲ್ಲಿ ನಾವು ಹನ್ನೊಂದು ಪಂದ್ಯ ಆಡಿ ಹನ್ನೊಂದನ್ನೂ ಸೋತಿದ್ದೆವು. 'ನಾವು' ಎನ್ನುವುದು ಬರೀ ಕಂಪನಿಯ ಮೇಲಿನ ಅಭಿಮಾನದಿಂದ. ನಾನು, ಕಲ್ಯಾಣಪುರದ ಜೆರಾಲ್ಡ್, ಪರ್ಸನೆಲ್ ಆಫೀಸಿನ ಟೈಪಿಸ್ಟ್. ಚೆಂಡನ್ನು ಮುಟ್ಟಿದ್ದು ಒಮ್ಮೆ ಮಾತ್ರ, ಅದೂ ಅದು ಕಿಟಕಿಯ ಗಾಜು ಒಡೆದುಕೊಂಡು ಬಂದು ನನ್ನ ಟೈಪ್‌ರೈಟರಿನ ಮೇಲೆ ಕೂತಾಗ.

ಸೋಲಿನಿಂದ ಯಾರಿಗೂ ತೊಂದರೆ ಇರಲಿಲ್ಲ. ತೊಂದರೆ ಶುರುವಾದದ್ದು ನಮ್ಮ ಮುದೀರ್, ಅಂದರೆ ದೊಡ್ಡ ಮ್ಯಾನೇಜರ್ ಅಬು ಮನ್ಸೂರ್ ಅವರ ಭಾವನಿಂದ. ಆ ಭಾವ ಪಕ್ಕದ ಕ್ಯಾಂಪಿನ ಮುದೀರ್. ಅವರ ತಂಡ ನಮಗೆ ಏಳು ಗೋಲು ಹೊಡೆದ ವಾರವೇ ಅವರ ಮನೆಯಲ್ಲಿ ಔತಣ. ದೊಡ್ಡ ತಟ್ಟೆಯ ಅನ್ನದ ಮೇಲೆ ಇಡೀ ಕುರಿ. ಮರ್ಯಾದೆಯ ಅತಿಥಿಗೆ ಕುರಿಯ ತಲೆ ಬಡಿಸುವುದು ಅಲ್ಲಿನ ಕ್ರಮ. ಭಾವ ತಲೆಯನ್ನು ಎತ್ತಿ ಅಬು ಮನ್ಸೂರರ ಮುಂದೆ ಇಟ್ಟು, "ಇದನ್ನು ನೀನು ತಿನ್ನಬೇಡ, ನಿನ್ನ ತಂಡಕ್ಕೆ ಕೊಂಡುಹೋಗು. ಅವರಲ್ಲಿ ಇಲ್ಲದ್ದು ಇದೊಂದೇ" ಎಂದರಂತೆ. ನಲವತ್ತು ನೆಂಟರು ಹೊಟ್ಟೆ ಹಿಡಿದುಕೊಂಡು ನಕ್ಕರಂತೆ.

ಶನಿವಾರ ಬೆಳಿಗ್ಗೆ ಅಬು ಮನ್ಸೂರ್ ಆಫೀಸಿಗೆ ಬಂದವರೇ ಚಹಾ ಕೂಡ ಕುಡಿಯದೆ ಹುಕುಂ ಹೊರಡಿಸಿದರು. ತಂಡಕ್ಕೆ ಒಬ್ಬ ಡೈರೆಕ್ಟರ್ ಬೇಕು, ಒಬ್ಬ ಕೋಚ್ ಬೇಕು. ಮೂರು ದಿನದೊಳಗೆ ಬೇಕು. ಹೊರಗಿನಿಂದ ಯಾರನ್ನೂ ತರಿಸುವ ಹಾಗಿಲ್ಲ, ಎಣ್ಣೆಯ ಬೆಲೆ ಬಿದ್ದು ಹೊಸ ವೀಸಾ ಎಲ್ಲ ನಿಂತಿದೆ. "ನನ್ನ ಸಾವಿರದ ಇನ್ನೂರು ಜನರಲ್ಲಿ ಒಬ್ಬನಿಗಾದರೂ ಚೆಂಡಿನ ವಿಚಾರ ಗೊತ್ತಿರಬೇಕು. ಫೈಲು ನೋಡು. ಯಾರ ಇಕಾಮಾದಲ್ಲಿ ಏನು ಕೆಲಸ ಬರೆದಿದೆಯೋ ಅದನ್ನು ಇದ್ದ ಹಾಗೆ ಟೈಪ್ ಮಾಡಿ ತಾ!"

ಇಲ್ಲಿ ಒಂದು ಸಂಗತಿ ಹೇಳಲೇಬೇಕು. ಆಗೆಲ್ಲ ಊರಿನಿಂದ ಬರುವವನು ತನ್ನ ಕೆಲಸಕ್ಕೆ ತಕ್ಕ ವೀಸಾ ಹುಡುಕುತ್ತಿರಲಿಲ್ಲ. ಬೊಂಬಾಯಿಯ ಏಜೆಂಟನ ಹತ್ತಿರ ಯಾವ ವೀಸಾ ಉಳಿದಿದೆಯೋ ಅದನ್ನು ಹಿಡಿದುಕೊಂಡು ವಿಮಾನ ಹತ್ತುತ್ತಿದ್ದ. ಅಲ್ಲಿ ಇಳಿದ ಮೇಲೆ ಸಿಗುವ ಗುರುತಿನ ಪುಸ್ತಕ ಇಕಾಮಾದಲ್ಲಿಯೂ ಅದೇ ಕೆಲಸ ಅಚ್ಚಾಗುತ್ತಿತ್ತು. ಹೀಗಾಗಿ ನಮ್ಮ ಕ್ಯಾಂಪಿನ ಕ್ಷೌರದವನು ಸರ್ಕಾರದ ಲೆಕ್ಕದಲ್ಲಿ ವೆಲ್ಡರ್. ನಿಜವಾದ ವೆಲ್ಡರ್ ದರ್ಜಿ. ನಾನು ಕುರಿ ಕಾಯುವವನು. ದಾರಿಯಲ್ಲಿ ಪೊಲೀಸರು ಇಕಾಮಾ ಕೇಳಿದರೆ ಟೈ ಬಿಚ್ಚಿ ಜೇಬಿಗೆ ಹಾಕಿಕೊಂಡು, ಆದಷ್ಟು ಕುರಿಗಳ ಜೊತೆ ಬೆಳೆದವನ ಹಾಗೆ ಮುಖ ಮಾಡುತ್ತಿದ್ದೆ. ಇದು ಎಲ್ಲರಿಗೂ ಗೊತ್ತು, ಯಾರೂ ಹೇಳುವುದಿಲ್ಲ.

ನಾಲ್ಕುನೂರ ಹದಿನೇಳನೇ ಫೈಲು ತೆರೆದಾಗ ಅದರಲ್ಲಿ ಕಂಡದ್ದು: ಅಲಿಯಬ್ಬ, ಊರು ವಿಟ್ಲ, ಕೆಲಸ ಫುಟ್‌ಬಾಲ್ ಕೋಚ್.

ಅಲಿಯಬ್ಬ ಬ್ಯಾರಿಗಳು ಕ್ಯಾಂಪಿನ ಲಾಂಡ್ರಿಯವರು. ಸಾವಿರದ ಇನ್ನೂರು ಜನರ ಎಣ್ಣೆಗ್ರೀಸಿನ ಬಟ್ಟೆ ಒಗೆದು ಅವರ ಉಗುರುಗಳು ಬೆಳ್ಳಗಾಗಿದ್ದವು. ಮುಚ್ಚಿಹೋದ ಯಾವುದೋ ಸ್ಪೋರ್ಟ್ಸ್ ಕ್ಲಬ್ಬಿನ ಒಂದು ವೀಸಾ ಏಜೆಂಟನಲ್ಲಿ ಉಳಿದಿತ್ತು, ಅದು ಇವರ ಪಾಲಿಗೆ ಬಂದಿತ್ತು. ಮದ್ರಸದಲ್ಲಿ ಅರಬಿ ಓದಲು ಕಲಿತವರಾದ್ದರಿಂದ ಇಕಾಮಾದಲ್ಲಿದ್ದುದನ್ನು ರಾಗವಾಗಿ ಓದಬಲ್ಲರು. ಅರ್ಥ ಮಾತ್ರ ಆಗುತ್ತಿರಲಿಲ್ಲ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ನಾನು ಇದ್ದದ್ದನ್ನು ಇದ್ದ ಹಾಗೆ ಟೈಪ್ ಮಾಡಿದೆ. ನನ್ನ ಟೈಪಿಂಗಿನಲ್ಲಿ ತಪ್ಪಿರುವುದಿಲ್ಲ ಎಂಬ ಸೊಕ್ಕು ನನಗೆ ಮೊದಲಿನಿಂದ ಇತ್ತು. ಮುಂದೆ ಆದದ್ದಕ್ಕೆಲ್ಲ ಮೂಲ ಆ ಸೊಕ್ಕು.

ಡೈರೆಕ್ಟರ್ ಹುದ್ದೆಗೆ ಫೈಲು ನೋಡಬೇಕಾಗಲಿಲ್ಲ. ಕ್ಯಾಂಪಿನ ಮೇಲ್ವಿಚಾರಕ ರಾಣೆಬೆನ್ನೂರಿನ ಸಾದುಲ್ಲಾ ತಾನಾಗಿಯೇ ಸರ್ಟಿಫಿಕೇಟು ಹಿಡಿದುಕೊಂಡು ಬಂದ. ಅದರಲ್ಲಿ ದೊಡ್ಡ ಇಂಗ್ಲಿಷ್ ಅಕ್ಷರಗಳಲ್ಲಿ 'ಅಥ್ಲೆಟಿಕ್ಸ್, ದ್ವಿತೀಯ ಸ್ಥಾನ' ಎಂದಿತ್ತು. ಸಣ್ಣ ಅಕ್ಷರಗಳಲ್ಲಿ, ಬಾಯಲ್ಲಿ ಚಮಚ ಕಚ್ಚಿ ಲಿಂಬೆಹಣ್ಣು ಇಟ್ಟುಕೊಂಡು ಓಡುವ ಸ್ಪರ್ಧೆ, ಆರನೇ ಇಯತ್ತೆ ಎಂದಿತ್ತು. ಸಣ್ಣ ಅಕ್ಷರ ಓದುವ ಅಭ್ಯಾಸ ಅಬು ಮನ್ಸೂರರಿಗೆ ಇರಲಿಲ್ಲ. ಸಾದುಲ್ಲಾ ಅದೇ ಸಂಜೆ ಒಂದು ಸೀಟಿ, ಒಂದು ನೀಲಿ ಕೋಟು ಕೊಂಡುಕೊಂಡ.

ಅಲಿಯಬ್ಬರನ್ನು ಕರೆತರಲು ನಾನೇ ಹೋದೆ. ಒದ್ದೆ ಕೈಯನ್ನು ಲುಂಗಿಗೆ ಒರೆಸಿಕೊಳ್ಳುತ್ತ ಅವರು ಒಳಗೆ ಕಾಲಿಟ್ಟದ್ದೇ ತಡ, ಅಬು ಮನ್ಸೂರ್ ಎದ್ದುಬಂದು ಎರಡೂ ಕೆನ್ನೆಗೆ ಮುತ್ತು ಕೊಟ್ಟರು. ಅಲಿಯಬ್ಬ ಬೆವೆತುಹೋದರು. ಕೆಲಸದವರಿಗೆ ಮುದೀರ್ ಮುತ್ತು ಕೊಡುವುದು ಖಾಯಂ ಆಗಿ ಊರಿಗೆ ಕಳಿಸುವಾಗ ಮಾತ್ರ.

"ಪೊರ್ಬುಗಳೇ, ಎಂತ ಇದು? ನನ್ನನ್ನು ಕ್ಯಾನ್ಸಲ್ ಮಾಡಿದ್ರಾ?" ಎಂದು ನನ್ನ ಕಿವಿಯಲ್ಲಿ ಕೇಳಿದರು. ನಮ್ಮ ಕಡೆ ಬ್ಯಾರಿಗಳು ಕ್ರಿಶ್ಚಿಯನರಾದ ನಮ್ಮನ್ನು ಕರೆಯುವುದು ಹಾಗೆ.

"ಆರು ವರ್ಷ! ಆರು ವರ್ಷದಿಂದ ನನ್ನ ಕ್ಯಾಂಪಿನಲ್ಲಿ ಕೋಚ್ ಇದ್ದಾನೆ, ನನಗೆ ಹೇಳುವವರಿಲ್ಲ!" ಅಬು ಮನ್ಸೂರ್ ಗರ್ಜಿಸಿದರು. "ಇಷ್ಟು ದಿನ ಇವನನ್ನು ಎಲ್ಲಿಟ್ಟಿದ್ದಿರಿ?"

"ಲಾಂಡ್ರಿಯಲ್ಲಿ" ಎಂದೆ ನಾನು.

"ನೋಡಿದಿರಾ ವಿನಯ! ಕೇಳು ಅವನನ್ನು, ಅವನ ಪದ್ಧತಿ ಯಾವುದು?"

ನಾನು ಕೇಳಿದೆ. ಪದ್ಧತಿ ಎಂದರೆ ಅಲಿಯಬ್ಬರಿಗೆ ಒಂದೇ ಗೊತ್ತು. "ಪದ್ಧತಿ ಎಂತದ್ದು ಮಾರಾಯ್ರೇ, ಮೊದಲು ಚೆನ್ನಾಗಿ ನೆನೆಸಿಡುವುದು. ಮತ್ತೆ ತಿಕ್ಕುವುದು. ಮತ್ತೆ ಹಿಂಡುವುದು. ಅವಸರ ಮಾಡಿದ್ರೆ ಕೊಳೆ ಹೋಗುವುದಿಲ್ಲ" ಎಂದರು.

ಅನುವಾದದಲ್ಲಿಯೂ ನಾನು ತಪ್ಪು ಮಾಡುವವನಲ್ಲ. ಹೇಳಿದ ಹಾಗೆಯೇ ಹೇಳಿದೆ. ಅಬು ಮನ್ಸೂರ್ ಕಣ್ಣು ಮುಚ್ಚಿ ಆ ಮಾತನ್ನು ಖರ್ಜೂರದ ಹಾಗೆ ಚಪ್ಪರಿಸಿದರು. "ನೆನೆಸು, ತಿಕ್ಕು, ಹಿಂಡು! ಸಾದುಲ್ಲಾ, ಬರೆದುಕೋ. ಇದು ಯುರೋಪಿನ ಕ್ರಮ."

ಸಾದುಲ್ಲಾ ಬರೆದುಕೊಂಡ.

ಅಷ್ಟರಲ್ಲಿ ನಾನು ಪಿಸುಗುಟ್ಟಿ ಇಕಾಮಾದ ಅರ್ಥ ಹೇಳಿದ್ದರಿಂದ ಅಲಿಯಬ್ಬರಿಗೆ ವಿಷಯ ಹೊಳೆದಿತ್ತು. ಅವರ ಮುಖ ಸಣ್ಣಗಾಯಿತು. "ಹೇಳಿಬಿಡಿ ಪೊರ್ಬುಗಳೇ. ವೀಸಾ ಸಿಕ್ಕಿದ್ದು ಅಂಥದ್ದು, ನಾನು ಬಟ್ಟೆ ಒಗೆಯುವವ ಅಂತ ಹೇಳಿಬಿಡಿ. ಚೆಂಡಿನ ಸುದ್ದಿಗೆ ನಾನು ಹೋದವನೇ ಅಲ್ಲ" ಎಂದರು. ನಾನು ಹೇಳಲು ಬಾಯಿ ತೆರೆದೆ. ನಿಜಕ್ಕೂ ತೆರೆದಿದ್ದೆ.

ಅಬು ಮನ್ಸೂರ್ ಅದಕ್ಕೆ ಮೊದಲೇ ಮಾತಾಡಿದರು. ಸೀಸನ್ನಿನಲ್ಲಿ ಮೂರು ಪಂದ್ಯ ಬಾಕಿ. ಕೊನೆಯದು ಭಾವನ ತಂಡದ ಮೇಲೆ. ಅದನ್ನು ಗೆಲ್ಲಿಸಿದರೆ ಕೋಚ್ ಕೆಲಸ ಖಾಯಂ. ಫ್ಯಾಮಿಲಿ ಕ್ವಾರ್ಟರ್ಸಿನ ಹದಿನಾಲ್ಕನೇ ನಂಬರಿನ ಮನೆ. ಕೋಚ್ ಎಂದರೆ ಮೇಷ್ಟರ ಸಮಾನ, ಹೆಂಡತಿಯನ್ನು ಕರೆಸಿಕೊಳ್ಳಲು ಸರ್ಕಾರ ವೀಸಾ ಕೊಡುತ್ತದೆ.

ನಾನು ತೆರೆದ ಬಾಯಿಯಲ್ಲಿಯೇ ಇದನ್ನು ಕನ್ನಡದಲ್ಲಿ ಹೇಳಿದೆ. ಅಲಿಯಬ್ಬ ನನ್ನ ತೋಳು ಹಿಡಿದರು.

"ಆಯಿಶತ್ ಬರಬಹುದಾ? ಇಲ್ಲಿಗೆ?"

"ಬರಬಹುದಂತೆ."

"ಹಾಗಾದ್ರೆ ಈಗ ಎಂತದ್ದೂ ಹೇಳ್ಬೇಡಿ" ಎಂದರು.

ಲಾಂಡ್ರಿಗೆ ಮರಳುವ ದಾರಿಯಲ್ಲಿ ಅವರು ಬೆರಳು ಮಡಚಿ ನನಗೆ ಲೆಕ್ಕ ಹೇಳಿದರು. ಮದುವೆಯಾಗಿ ಆರು ವರ್ಷ ದಾಟಿತು. ಮದುವೆಯಾದ ಹೊಸತರಲ್ಲಿ ಎರಡು ತಿಂಗಳು, ಆಮೇಲೆ ಮೂರು ರಜೆಗೆ ಎರಡೆರಡು ತಿಂಗಳು. "ಒಟ್ಟು ಎಂಟು ತಿಂಗಳು ಪೊರ್ಬುಗಳೇ. ಅದರಲ್ಲಿ ಒಂದು ತಿಂಗಳು ನನಗೆ ಮಲೇರಿಯಾ. ಹೋದ ಸಲ ಹೋದಾಗ ಅವಳಿಗೆ ನನ್ನ ಹತ್ತಿರ ಮಾತಾಡ್ಲಿಕ್ಕೆ ನಾಚಿಕೆ. ಅದು ಹೋಗ್ಲಿಕ್ಕೆ ಇಪ್ಪತ್ತು ದಿವಸ ಬೇಕಾಯ್ತು. ಅಷ್ಟರಲ್ಲಿ ವಾಪಸ್ ಟಿಕೆಟ್ ಓಕೆ ಆಗಿತ್ತು."

ಇದನ್ನು ಅವರು ನಗುತ್ತಲೇ ಹೇಳಿದರು. ನಾನೂ ನಕ್ಕೆ. ಆ ದಾರಿಯಲ್ಲಿ ನಗದೆ ನಡೆಯುವುದು ಕಷ್ಟವಿತ್ತು.

ಮರುದಿನವೇ ಅವರು ಹದಿನಾಲ್ಕನೇ ನಂಬರಿನ ಖಾಲಿ ಮನೆ ನೋಡಿ ಬಂದರು. ಎರಡು ಕೋಣೆ, ಒಂದು ಅಡಿಗೆಮನೆ, ಮೂರು ಕಿಟಕಿ. ಅಳತೆಪಟ್ಟಿ ಇಲ್ಲದ್ದರಿಂದ ಪ್ರತಿಯೊಂದು ಕಿಟಕಿಗೂ ನೂಲು ಹಿಡಿದು ಅಳೆದು ಕತ್ತರಿಸಿದರು. ಅಡಿಗೆಮನೆಯದ್ದಕ್ಕೆ ಒಂದು ಗಂಟು, ಚಾವಡಿಯದ್ದಕ್ಕೆ ಎರಡು, ಮಲಗುವ ಕೋಣೆಯದ್ದಕ್ಕೆ ಮೂರು. ಕಾಗದ ಬರೆಯುವುದು ಅವರಿಗೆ ಆಗದು. ಎಲ್ಲರ ಹಾಗೆ ಅವರೂ ಕ್ಯಾಸೆಟ್ಟಿನಲ್ಲಿ ಮಾತಾಡಿ ಊರಿಗೆ ಹೋಗುವವರ ಕೈಯಲ್ಲಿ ಕಳಿಸುತ್ತಿದ್ದರು. ಆ ಸಲದ ಕ್ಯಾಸೆಟ್ ಡಬ್ಬಿಯಲ್ಲಿ ಮೂರು ನೂಲುಗಳೂ ಹೋದವು. ಪಂದ್ಯ ಇನ್ನೂ ಗೆದ್ದಿಲ್ಲವಲ್ಲ ಎಂದು ನಾನು ಹೇಳಿದ್ದಕ್ಕೆ, "ಪರದೆ ಹೊಲಿಯಲಿಕ್ಕೆ ಟೈಮ್ ಬೇಡ್ವಾ?" ಎಂದರು.

ಇನ್ನು ಕೋಚಿಂಗು. ಮೊದಲ ಸಂಜೆ ಸಾದುಲ್ಲಾ ಆಟಗಾರರನ್ನು ಸಾಲು ನಿಲ್ಲಿಸಿ, ಸೀಟಿ ಊದಿ, "ನೋಡ್ರಿ, ಇವ್ರು ಕೋಚ್ ಸಾಹೇಬ್ರು. ಇಷ್ಟ್ ದಿನ ಗುಟ್ಟಾಗಿ ಇದ್ರು. ಯುರೋಪ್ ಸಿಸ್ಟಮ್ ಐತಿ ಇವ್ರ್ದು" ಎಂದ. ಆಟಗಾರರು ತಮ್ಮ ಪ್ಯಾಂಟು ಒಗೆಯುವವರನ್ನು ಮೇಲಿಂದ ಕೆಳಗೆ ನೋಡಿದರು. ತಂಡದ ಹೀರೋ ನೂರುದ್ದೀನ್ ಕೂದಲು ಸರಿ ಮಾಡಿಕೊಳ್ಳುತ್ತ, "ನನ್ನ ಜೆರ್ಸಿಗೆ ಇಸ್ತ್ರಿ ಆಗಿದೆಯಾ ಕೋಚ್?" ಎಂದು ಕೇಳಿದ. ಎಲ್ಲರೂ ನಕ್ಕರು.

ಅಲಿಯಬ್ಬ ಲಾಂಡ್ರಿಯಿಂದ ಹಿಂದಿನ ಪಂದ್ಯದ ಒಗೆಯದ ಜೆರ್ಸಿಗಳ ಗಂಟನ್ನು ತಂದಿದ್ದರು. ಅದನ್ನು ಮರಳಿನ ಮೇಲೆ ಬಿಚ್ಚಿ ಒಂದೊಂದಾಗಿ ಹರಡಿದರು.

"ನನಗೆ ಚೆಂಡು ಗೊತ್ತಿಲ್ಲ, ಕೊಳೆ ಗೊತ್ತುಂಟು. ಇದು ನೂರುದ್ದೀನಂದು. ಕಾಲರಿನಲ್ಲಿ ತಲೆಯ ಎಣ್ಣೆ, ಮತ್ತೆ ಎಲ್ಲಿಯೂ ಮಣ್ಣಿಲ್ಲ, ಬೆವರಿಲ್ಲ. ಹನ್ನೊಂದು ಮ್ಯಾಚಿನಿಂದ ಇದಕ್ಕೆ ನಾನು ಸೋಪೇ ಹಾಕ್ಲಿಲ್ಲ. ಇವ ಓಡುವುದೇ ಇಲ್ಲ. ಇದು ಗೋಲಿ ಸಲ್ವಾದೋರಂದು. ಯಾವಾಗ ನೋಡಿದ್ರೂ ಎಡಬದಿ ಮಾತ್ರ ಮಣ್ಣು. ಎಂತ ಮಾರಾಯ, ನೀನು ಬೀಳುವುದು ಎಡಕ್ಕೆ ಮಾತ್ರವಾ?"

ನಮ್ಮ ಗೋಲ್‌ಕೀಪರ್, ಕ್ರೇನ್ ಆಪರೇಟರ್ ಸಲ್ವಾದೋರ್ ಯೋಚಿಸಿದ. "ಹೌದು. ಬಲ ಭುಜ ಒಮ್ಮೆ ತಪ್ಪಿತ್ತು. ಅಂದಿನಿಂದ ಹೆದರಿಕೆ" ಎಂದ.

"ನಿನಗೆ ಬಿದ್ದ ಗೋಲುಗಳೆಲ್ಲ?"

"ಬಲಕ್ಕೇ" ಎಂದು ಸಲ್ವಾದೋರ್ ತಲೆ ತಗ್ಗಿಸಿದ. ಹನ್ನೊಂದು ವಾರ ಯಾರಿಗೂ ಕಾಣದ್ದು ಒಂದು ಕೊಳೆ ಅಂಗಿಯಲ್ಲಿ ಕಂಡಿತ್ತು. ನಗು ನಿಂತುಹೋಯಿತು. ಸಾದುಲ್ಲಾ ಮಾತ್ರ ಬರೆದುಕೊಳ್ಳುತ್ತಿದ್ದ.

ಕೊನೆಗೆ ಅಲಿಯಬ್ಬ ಎತ್ತಿ ತೋರಿಸಿದ್ದು ಯಾರೂ ಲೆಕ್ಕಕ್ಕೆ ಹಿಡಿಯದ ಒಬ್ಬನ ಜೆರ್ಸಿ. ಪೈಪ್ ಫಿಟ್ಟರ್ ಮೊಹಮ್ಮದ್ ಇಸ್ಮಾಯಿಲ್, ಕಡೆಯ ಹತ್ತು ನಿಮಿಷ ಮಾತ್ರ ಆಡಲು ಬಿಡುತ್ತಿದ್ದ ಆಸಾಮಿ. "ಹತ್ತು ನಿಮಿಷಕ್ಕೆ ಇಷ್ಟು ಮಣ್ಣು! ಮೂರು ನೀರು ಬದಲಿಸಬೇಕು ಇದಕ್ಕೆ. ಇವ ಪೂರ್ತಿ ಆಡಲಿ. ನೂರುದ್ದೀನ್ ಬೇಂಚಿನಲ್ಲಿ ಕೂರಲಿ, ಅಂಗಿಯ ಇಸ್ತ್ರಿ ಹಾಳಾಗುವುದಿಲ್ಲ."

ಬುದ್ಧಿವಂತರು ಏನು ಬೇಕಾದರೂ ಹೇಳಲಿ, ಆ ವಾರ ನಾವು ಮೂರು ಒಂದರಿಂದ ಸೋತೆವು. ಅಂದರೆ ಒಂದು ಗೋಲು ಹೊಡೆದೆವು! ಮೆಸ್ಸಿನಲ್ಲಿ ಹಬ್ಬದ ವಾತಾವರಣ. ಮುಂದಿನ ವಾರ ಸಲ್ವಾದೋರ್ ಬಲಕ್ಕೆ ಬೀಳಲು ಕಲಿತ. ಸೊನ್ನೆ ಸೊನ್ನೆ. ಅಬು ಮನ್ಸೂರ್ ಲಾಂಡ್ರಿಗೇ ಬಂದು ಅಲಿಯಬ್ಬರ ಬಕೆಟ್ಟಿನ ಪಕ್ಕ ಕೂತು ಚಹಾ ಕುಡಿದರು. ಅಂಥ ದೃಶ್ಯವನ್ನು ಕ್ಯಾಂಪು ಕಂಡದ್ದೇ ಇಲ್ಲ. ಸಾದುಲ್ಲಾ ಹೊರಗೆ ನೀಲಿ ಕೋಟಿನಲ್ಲಿ ನಿಂತು ಬೆವರುತ್ತಿದ್ದುದನ್ನೂ ನಾನು ಕಂಡೆ. ಡೈರೆಕ್ಟರನನ್ನು ಬಿಟ್ಟು ಕೋಚಿನ ಜೊತೆ ಚಹಾ ಎಂದರೆ ಏನರ್ಥ ಎಂದು ಅವನು ಯೋಚಿಸುತ್ತಿದ್ದನೆಂದು ಈಗ ತಿಳಿಯುತ್ತದೆ.

ಆ ನಡುವೆ ಊರಿನಿಂದ ಕ್ಯಾಸೆಟ್ ಬಂತು. ಅಲಿಯಬ್ಬ ನನ್ನನ್ನು ಕೂರಿಸಿಕೊಂಡು ಹಾಕಿದರು. ಬ್ಯಾರಿ ಭಾಷೆ ನನಗೆ ಅರ್ಧ ತಿಳಿಯುತ್ತದೆ, ಉಳಿದರ್ಧ ಅವರು ಹೇಳಿದರು. ಮೊದಲು ಅವರ ತಾಯಿ, ಈ ಪ್ರಾಯದಲ್ಲಿ ಚೆಂಡು ಒದೆಯಲು ಹೋಗಿ ಕಾಲು ಮುರಿದುಕೊಳ್ಳಬೇಡ ಎಂದು ಅತ್ತರು. ಆಮೇಲೆ ನೆರೆಮನೆಯ ಕಾಕ, ತಮ್ಮ ಅಳಿಯನಿಗೂ ಒಂದು ಕೋಚ್ ವೀಸಾ ನೋಡು ಎಂದರು. ಆಮೇಲೆ ಯಾರೋ ಜೋರಾಗಿ ಕೆಮ್ಮಿದರು. ಕಡೆಗೆ ಸಣ್ಣ ದನಿಯಲ್ಲಿ ಆಯಿಶತ್. ಪಾಸ್‌ಪೋರ್ಟಿಗೆ ಕೊಟ್ಟಾಗಿದೆ, ಜೀವನದಲ್ಲಿ ಮೊದಲ ಸಲ ಫೋಟೋ ತೆಗೆಸಿದೆ, ಫೋಟೋದವನು ನಗಬಾರದು ಎಂದ, ಆದರೂ ಸ್ವಲ್ಪ ನಗು ಬಂದುಬಿಟ್ಟಿದೆ, ಅದರಿಂದ ತೊಂದರೆಯಾಗುತ್ತದಾ ಕೇಳಿ. ಮೂರು ಗಂಟಿನ ಕಿಟಕಿ ಯಾವ ದಿಕ್ಕಿಗೆ? ಬೆಳಗಿನ ಬಿಸಿಲು ಬರುತ್ತದಾ?

ಅಲಿಯಬ್ಬ ಆ ಭಾಗವನ್ನು ಹಿಂದೆ ತಿರುಗಿಸಿ ಮತ್ತೊಮ್ಮೆ ಹಾಕಿದರು. ನಗುವಿನಿಂದ ತೊಂದರೆಯಾಗುತ್ತದಾ ಎಂದು ನನ್ನನ್ನು ಕೇಳಿದರು. ಇಲ್ಲ ಎಂದೆ.

ಕೊನೆಯ ಪಂದ್ಯಕ್ಕೆ ಎರಡೂ ಕ್ಯಾಂಪುಗಳು ಕಂಪನಿ ಬಸ್ಸುಗಳಲ್ಲಿ ತುಂಬಿ ಬಂದವು. ಭಾವ ಮತ್ತು ಅಬು ಮನ್ಸೂರ್ ಒಂದೇ ಸೋಫಾದಲ್ಲಿ, ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತರು. ಅಲಿಯಬ್ಬ ಗೆರೆಯ ಹೊರಗೆ ಕುಕ್ಕರುಗಾಲಿನಲ್ಲಿ ಕೂತು, ಆಟ ನೋಡದೆ ಅಂಗಿಗಳನ್ನು ನೋಡುತ್ತಿದ್ದರು. ಯಾರ ಅಂಗಿ ಒಣಗಿ ಕಂಡಿತೋ ಅವನನ್ನು ಹೊರಗೆ ಕರೆದು, ಒದ್ದೆಯಾಗಲು ತಯಾರಿದ್ದವನನ್ನು ಒಳಗೆ ಕಳಿಸುತ್ತಿದ್ದರು. ಸಾದುಲ್ಲಾ ಸುಮ್ಮಸುಮ್ಮನೆ ಸೀಟಿ ಊದಿ ಎರಡು ಸಲ ಆಟ ನಿಲ್ಲಿಸಿದ. ಸೊನ್ನೆ ಸೊನ್ನೆಯಲ್ಲೇ ಮುಗಿಯಲು ನಾಲ್ಕು ನಿಮಿಷ ಇರುವಾಗ ಎಲ್ಲಿಂದಲೋ ಚೆಂಡು ಬಂತು. ಮೊಹಮ್ಮದ್ ಇಸ್ಮಾಯಿಲ್ ತನ್ನ ಅಭ್ಯಾಸದಂತೆ ಅಡ್ಡಬಿದ್ದ. ಚೆಂಡು ಅವನ ಬೆನ್ನಿಗೆ ಬಡಿದು, ದಿಕ್ಕು ತಪ್ಪಿ, ಭಾವನ ತಂಡದ ಗೋಲಿನೊಳಕ್ಕೆ ಉರುಳಿತು. ಬಿದ್ದವನಿಗೆ ಗೋಲಾದದ್ದು ಗೊತ್ತಾದದ್ದು ಅವನ ಮೇಲೆ ಹತ್ತು ಜನ ಬಿದ್ದ ಮೇಲೆ.

ಅಬು ಮನ್ಸೂರ್ ಭಾವನನ್ನು ತಬ್ಬಿಕೊಂಡು ಅತ್ತರು. ಮುಂದಿನ ಔತಣ ತಮ್ಮ ಮನೆಯಲ್ಲಿ, ತಲೆ ಭಾವನಿಗೆ ಎಂದು ಅಲ್ಲೇ ಸಾರಿದರು. ಅಲಿಯಬ್ಬ ಎದ್ದುನಿಂತು ನನ್ನನ್ನು ಹುಡುಕುತ್ತಿದ್ದರು. ಸಿಕ್ಕಿದ ಕೂಡಲೇ ಕೇಳಿದ್ದು ಒಂದೇ ಮಾತು: "ಪೊರ್ಬುಗಳೇ, ಮೂರು ಗಂಟಿನ ಕಿಟಕಿ ಪೂರ್ವಕ್ಕೆ ಅಲ್ವಾ?"

ಕಥೆಯನ್ನು ಇಲ್ಲಿಗೆ ಮುಗಿಸಬಹುದಿತ್ತು. ಮುಗಿಸಲು ನನಗೂ ಬಹಳ ಆಸೆ.

ಮುಂದಿನ ವಾರ ಸಾದುಲ್ಲಾ ಅಬು ಮನ್ಸೂರರಿಗೆ ಒಂದು ವರದಿ ಕೊಟ್ಟ. ನನ್ನ ಕೈಯಲ್ಲೇ ಟೈಪ್ ಮಾಡಿಸಿದ. ತಂಡದ ಗೆಲುವಿಗೆ ಆಡಳಿತದ ಸುಧಾರಣೆ ಕಾರಣವೆಂದೂ, ಈಗಿನ ಕೋಚು ಒಂದು ಪಂದ್ಯಕ್ಕೆ ಸಾಕಾದರೂ ಕಪ್ ಗೆಲ್ಲಲು ಸಾಲದೆಂದೂ, ಹೊರದೇಶದ ನುರಿತ ಕೋಚ್ ಬೇಕೆಂದೂ ಅದರಲ್ಲಿತ್ತು.

"ಸಾದುಲ್ಲಾ, ಮುದೀರ್ ಬ್ಯಾರಿಗಳಿಗೆ ಮಾತು ಕೊಟ್ಟಿದ್ದಾರಲ್ಲ?" ಎಂದೆ.

"ಜೆರಾಲ್ಡ್ ಸಾಹೇಬ್ರ, ನೀವು ಅವ್ರ ಊರ್ ಕಡೆಯವ್ರು, ನಿಮಗ ಹಂಗ ಅನಸ್ತೈತಿ. ಕಂಪನಿ ಮಂದಿ ನಾಳೆ ಕೇಳ್ತಾರ, ನಿಮ್ಮ ಕೋಚ್ ಯಾರು ಅಂತ. ದೋಭಿ ಅಂತ ಹೇಳ್ಲ್ಯಾ? ಡೈರೆಕ್ಟರ್ ಆದವನ ಮರ್ಯಾದಿ ಏನಾತು?" ಎಂದು ಅವನು ಕೋಟಿನ ತೋಳು ಝಾಡಿಸಿದ. ಆ ಕೋಟಿಗೆ ಇಸ್ತ್ರಿ ಹಾಕಿದ್ದು ಅಲಿಯಬ್ಬರೇ.

ಅಬು ಮನ್ಸೂರ್ ಕೆಟ್ಟ ಮನುಷ್ಯರಲ್ಲ. ಗೆದ್ದ ಮನುಷ್ಯರು, ಅಷ್ಟೇ. ಗೆದ್ದ ತಂಡಕ್ಕೆ ಹಣ ಒದಗಿಸಲು ಮೇಲಿನವರು ಒಪ್ಪಿದ್ದರು, ಪೋರ್ಚುಗಲ್ಲಿನಿಂದ ಒಬ್ಬ ಕೋಚ್ ಬರಲು ತಯಾರಿದ್ದ. ಆದರೆ ಇಲಾಖೆಯಿಂದ ಕಾಗದ ವಾಪಸ್ ಬಂತು. ನಿಮ್ಮ ಕಂಪನಿಗೆ ಕೋಚ್ ಹುದ್ದೆ ಒಂದೇ, ಅದರಲ್ಲಿ ಈಗಾಗಲೇ ಒಬ್ಬ ಇದ್ದಾನೆ, ಅದು ಖಾಲಿಯಾದರೆ ಮಾತ್ರ ಇನ್ನೊಬ್ಬನಿಗೆ ವೀಸಾ.

"ಆ ಲಾಂಡ್ರಿಯವನು ನಿಜವಾಗಿ ಮಾಡುವ ಕೆಲಸ ಯಾವುದು?" ಅಬು ಮನ್ಸೂರ್ ಕೇಳಿದರು.

"ಲಾಂಡ್ರಿ" ಎಂದೆ.

"ಹಾಗಾದರೆ ಇಕಾಮಾದಲ್ಲಿ ಹಾಗೆಯೇ ಬದಲಿಸಿ. ನಮ್ಮ ಕಾಗದಪತ್ರ ಸತ್ಯವಾಗಿರಬೇಕು."

"ಅವರ ಹೆಂಡತಿ ಪಾಸ್‌ಪೋರ್ಟ್ ಮಾಡಿಸಿದ್ದಾರೆ, ಸಾರ್."

ಅವರು ಸ್ವಲ್ಪ ಹೊತ್ತು ಜಪಮಣಿ ಎಣಿಸಿದರು. "ಲಾಂಡ್ರಿಯವನಿಗೆ ಫ್ಯಾಮಿಲಿ ವೀಸಾ ಕೊಡದಿರುವುದು ಸರ್ಕಾರ, ನಾನಲ್ಲ. ಒಳ್ಳೆಯ ಮನುಷ್ಯ ಅವನು. ಒಂದು ಗೋಡೆ ಗಡಿಯಾರ ಕೊಡಿಸು, ದೊಡ್ಡದು."

ಕುರಿ ಕಾಯುವವನಾದ ನಾನು ಆ ಅರ್ಜಿಯನ್ನು ಟೈಪ್ ಮಾಡಿದೆ. ಕ್ಷೌರದ ವೆಲ್ಡರ್, ವೆಲ್ಡಿಂಗ್ ಮಾಡುವ ದರ್ಜಿ, ಸಾವಿರದ ಇನ್ನೂರು ಸುಳ್ಳುಗಳ ನಡುವೆ ಒಬ್ಬನೇ ಒಬ್ಬನ ಇಕಾಮಾ ನಿಜವಾಯಿತು. ಆ ನಿಜದಿಂದ ಅವನ ಹೆಂಡತಿ ವಿಟ್ಲದಲ್ಲೇ ಉಳಿದಳು. ಒಂದು ಅಕ್ಷರವೂ ತಪ್ಪಲಿಲ್ಲ. ಅಷ್ಟು 'ಚೆನ್ನಾಗಿ' ಟೈಪ್ ಮಾಡಿದ್ದಕ್ಕೆ ಆದಷ್ಟು ನಾಚಿಕೆ ಜೀವನದಲ್ಲಿ ನನಗೆ ಎಂದೂ ಆಗಿಲ್ಲ.

ಹೊಸ ಇಕಾಮಾವನ್ನು ಲಾಂಡ್ರಿಗೆ ನಾನೇ ಒಯ್ದೆ. ಅಲಿಯಬ್ಬ ಎಂದಿನಂತೆ ರಾಗವಾಗಿ ಓದಿದರು. ಈ ಸಲ ಅರ್ಥವನ್ನೂ ಕೇಳಿದರು. ಹೇಳಿದೆ. ಅವರು ಬಯ್ಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

ಶುಕ್ರವಾರ ಮಧ್ಯಾಹ್ನ, ಮೆಷಿನುಗಳು ನಿಂತಿದ್ದಾಗ, ಅವರು ಟೇಪ್‌ರೆಕಾರ್ಡರ್ ಮುಂದಿಟ್ಟುಕೊಂಡು ಕೂತರು. ಕೆಂಪು ಗುಂಡಿ ಒತ್ತಿದರು. ಕ್ಯಾಸೆಟ್ ತಿರುಗಿತು. ಒತ್ತಿದ್ದನ್ನು ನಿಲ್ಲಿಸಿ, ಹಿಂದೆ ತಿರುಗಿಸಿ, ಮತ್ತೆ ಒತ್ತಿದರು. ಹೀಗೆ ಮೂರು ಸಲ.

"ನೀವೇ ಹೇಳಿ ಪೊರ್ಬುಗಳೇ. ನಿಮ್ಮದು ಆಫೀಸಿನ ಸ್ವರ. ನಾನು ಹೇಳಿದ್ರೆ ಅವಳು ನಂಬ್ಲಿಕ್ಕಿಲ್ಲ, ತಮಾಷೆ ಅಂತ ನಗಾಡಿಯಾಳು."

ಕಾಣದ ಒಬ್ಬ ಹೆಂಗಸಿಗೆ ನಾನು ಕನ್ನಡದಲ್ಲಿ ಎಲ್ಲವನ್ನೂ ಹೇಳಿದೆ. ಪಟ್ಟಿ ಟೈಪ್ ಮಾಡಿದ್ದು ನಾನು, ಬಾಯಿ ತೆರೆದೂ ಹೇಳದಿದ್ದವನು ನಾನು, ತಪ್ಪು ನನ್ನದು, ಕ್ಷಮಿಸಬೇಕು ತಂಗಿ ಎಂದೆ. ಗುಂಡಿ ನಿಲ್ಲಿಸಿದಾಗ ಅಲಿಯಬ್ಬ ಗೋಡೆಯ ಕಡೆ ಮುಖ ಮಾಡಿ ಯಾರದೋ ಅಂಗಿ ಮಡಚುತ್ತಿದ್ದರು. ಅದೊಂದೇ ಅಂಗಿಯನ್ನು ಬಿಚ್ಚಿ ಬಿಚ್ಚಿ ಮಡಚುತ್ತಿದ್ದರು.

ಎರಡು ತಿಂಗಳಿಗೆ ಉತ್ತರ ಬಂತು. ಜೊತೆಗೆ ಒಂದು ಬಟ್ಟೆಯ ಗಂಟು. ಈ ಸಲ ತಾಯಿಯೂ ಇಲ್ಲ, ನೆರೆಮನೆಯ ಕಾಕನೂ ಇಲ್ಲ. ಆಯಿಶತ್ ಒಬ್ಬಳೇ, ಶಾಲೆಯಲ್ಲಿ ಪಾಠ ಓದುವ ಹಾಗೆ ಬಿಡಿಬಿಡಿಯಾಗಿ, ಕನ್ನಡದಲ್ಲಿ.

"ಆಫೀಸಿನ ಅಣ್ಣನವರಿಗೆ ಆಯಿಶತ್ ಹೇಳುವುದು. ನೀವು ಬೇಸರ ಮಾಡ್ಬೇಡಿ. ಅವರು ಬಟ್ಟೆ ಒಗೆಯುವವರು ಅಂತ ನನಗೆ ಮದುವೆಗೆ ಮೊದಲೇ ಗೊತ್ತುಂಟು. ಕೋಚ್ ಅಂದ್ರೆ ಎಂತ ಅಂತ ನನಗೆ ಗೊತ್ತಿರ್ಲಿಲ್ಲ. ಪಾಸ್‌ಪೋರ್ಟ್ ಬಂದಿದೆ. ಅದು ಐದು ವರ್ಷ ನಡೀತದಂತೆ, ಮತ್ತೆ ಸೀಲ್ ಹಾಕಿಸಿದ್ರೆ ಇನ್ನೂ ಐದು ವರ್ಷ. ನನಗೆ ಅವಸರ ಇಲ್ಲ ಅಂತ ಅವರಿಗೆ ಹೇಳಿ. ಪರದೆ ಹೊಲಿದು ಆಗಿತ್ತು. ಇಲ್ಲಿ ಯಾವ ಕಿಟಕಿಗೂ ಅದು ಆಗುವುದಿಲ್ಲ, ಅಳತೆ ಆ ಮನೆಯದ್ದು. ಆ ಮನೆಗೆ ಬಂದವರಿಗೆ ಕೊಟ್ಟುಬಿಡಿ. ಸುಮ್ಮನೆ ಪೆಟ್ಟಿಗೆಯಲ್ಲಿ ಯಾಕೆ."

ತಿಳಿಹಸಿರು ಬಟ್ಟೆಯ ಮೇಲೆ ಸಣ್ಣ ಬಿಳಿ ಹೂಗಳು. ಪ್ರತಿ ಪರದೆಯ ಅಂಚಿನಲ್ಲಿ ಆ ನೂಲನ್ನೇ ಸೇರಿಸಿ ಹೊಲಿದಿದ್ದಳು, ಗಂಟು ಸಮೇತ, ಯಾವುದು ಯಾವ ಕಿಟಕಿಗೆ ಎಂದು ತಿಳಿಯಲಿಕ್ಕೆ. ಅಲಿಯಬ್ಬರೇ ಹದಿನಾಲ್ಕನೇ ನಂಬರಿಗೆ ಹೋಗಿ ಮೂರನ್ನೂ ಕಟ್ಟಿ ಬಂದರು. ಹೊಸ ಕೋಚ್ ಮದುವೆಯಾಗದವನು. ಕಂಪನಿಯೇ ಕಳಿಸಿದ್ದು ಎಂದುಕೊಂಡು ಥ್ಯಾಂಕ್ಸ್ ಹೇಳಿದನಂತೆ.

ಹೊಸ ಸೀಸನ್ನಿನಲ್ಲಿ ನಾವು ಮತ್ತೆ ಶಿಸ್ತಾಗಿ ಸೋಲತೊಡಗಿದೆವು. ನೂರುದ್ದೀನ್ ಮರಳಿ ಹೀರೋ ಆದ. ಸಲ್ವಾದೋರನ ಜೆರ್ಸಿಯ ಎಡಬದಿ ಮತ್ತೆ ಮಣ್ಣು. ಅಲಿಯಬ್ಬರಿಗೆ ಅದು ಕಾಣುತ್ತಿತ್ತು, ಕೇಳುವವರಿರಲಿಲ್ಲ. ಅವರು ಒಗೆಯುತ್ತಿದ್ದರು.

ಆ ಸೀಸನ್ನಿನ ಒಂದು ದಿನ ನಾನು ಲಾಂಡ್ರಿಗೆ ಹೋದಾಗ ಮೂರೂ ಮೆಷಿನುಗಳು ಓಡುತ್ತಿದ್ದವು. ಅಲಿಯಬ್ಬ ಮೂಲೆಯಲ್ಲಿ ಕೂತು ಬಕೆಟ್ಟಿನಲ್ಲಿ ಏನೋ ಕೈಯಲ್ಲಿ ಒಗೆಯುತ್ತಿದ್ದರು. ನೋಡಿದರೆ ತಿಳಿಹಸಿರು, ಬಿಳಿ ಹೂ. ಕೋಚಿನ ಮನೆಯ ಬಟ್ಟೆಯ ಗಂಟಿನಲ್ಲಿ ಬಂದಿತ್ತಂತೆ. ಇಷ್ಟು ದೊಡ್ಡ ಮೆಷಿನುಗಳಿರುವಾಗ ಕೈಯಲ್ಲಿ ಯಾಕೆ ಬ್ಯಾರಿಗಳೇ ಎಂದು ನಾನು ಬುದ್ಧಿಯಿಲ್ಲದೆ ಕೇಳಿದೆ.

ಅವರು ತಲೆ ಎತ್ತದೆ, ಮೂರು ಗಂಟಿನ ಅಂಚನ್ನು ಎರಡು ಬೆರಳಿನಲ್ಲಿ ಮೆಲ್ಲನೆ ಉಜ್ಜುತ್ತ ಹೇಳಿದರು:

"ಮೆಷಿನಿಗೆ ಹಾಕಿದ್ರೆ ಬಣ್ಣ ಹೋಗ್ತದೆ ಪೊರ್ಬುಗಳೇ. ಐದು ವರ್ಷ ಬರ್ಬೇಕಲ್ಲ."